ಕಾಲುವೆಯ ನಾಡಿನಲ್ಲಿ ಒಂದು ಹಳೆಯ ಟ್ರಾಕ್ಟರು

ರಾಯಚೂರಿನಿಂದ ಗಂಗಾವತಿಗೆ ಹೊರಟ ಬಸ್ಸು ಸಿಂಧನೂರನ್ನು ದಾಟಿತೆಂದರೆ, ಮಳೆಗಾಲದಲ್ಲಿ ರಸ್ತೆಯ ಎರಡು ಮಗ್ಗುಲಿಗೂ ನೀರು ನಿಂತ ಗದ್ದೆಗಳೇ ಕಾಣುತ್ತವೆ. ಇದೆಲ್ಲ ತುಂಗಭದ್ರೆಯ ಎಡದಂಡೆ ಕಾಲುವೆಯ ಕೃಪೆ. 1953ರಲ್ಲಿ ಅಣೆಕಟ್ಟು ಮುಗಿದ ಮೇಲೆ, ಮಳೆಯನ್ನೇ ನಂಬಿ ಜೋಳ ಬಿತ್ತುತ್ತಿದ್ದ ಈ ಸೀಮೆ ಭತ್ತದ ಕಣಜವಾಯಿತು. ಆಂಧ್ರದಿಂದ ಬಂದು ನೆಲಸಿದ ರೈತರ ಊರುಗಳಿಗೆ ಇಂದಿಗೂ 'ಕ್ಯಾಂಪು' ಎಂದೇ ಹೆಸರು. ಒಂದೇ ಚಹದಂಗಡಿಯಲ್ಲಿ ಕನ್ನಡವೂ ತೆಲುಗೂ ಕೇಳಿಬರುವುದರಿಂದ, ಹೈದರಾಬಾದಿನಿಂದ ಹೋದ ನಮ್ಮಂಥವರಿಗೆ ಅಲ್ಲಿ ಪರಕೀಯತೆ ಎನಿಸುವುದೇ ಇಲ್ಲ.

2022ರ ಜುಲೈ ಕೊನೆಯಲ್ಲಿ ನಾನು ಕಾರಟಗಿಯ ಸಮೀಪದಲ್ಲಿರುವ ಸೋದರಮಾವನ ಊರಿಗೆ ಹೋಗಿದ್ದೆ. ಕಾಲುವೆಗೆ ನೀರು ಬಂದಿತ್ತು. ಸಸಿ ಮಡಿಯಲ್ಲಿ ಬಲಿಯುತ್ತಿತ್ತು. ಆದರೆ ಮಾವನ ಟ್ರಾಕ್ಟರು ಮಾತ್ರ ಬೇವಿನ ಮರದ ಕೆಳಗೆ ನಿಂತುಬಿಟ್ಟಿತ್ತು. ಎಂಜಿನ್ನು ಚೆನ್ನಾಗಿಯೇ ಓಡುತ್ತಿತ್ತು. ಹಿಂದಿನ ಲಿಫ್ಟು ಮಾತ್ರ ಕಲ್ಟಿವೇಟರನ್ನು ಎತ್ತಲಾರದು, ಎತ್ತಿದರೂ ಹಿಡಿದಿಡಲಾರದು. ಪಟ್ಟಣದ ಒಬ್ಬ ರಿಪೇರಿಯವನು ಬಂದು ನೋಡಿ, ಟ್ರಾಕ್ಟರನ್ನು ನಡುವೆ ಬಿಚ್ಚಿ ಪಂಪನ್ನೇ ಬದಲಿಸಬೇಕು, ಐದಾರು ದಿನ ಹಿಡಿಯುತ್ತದೆ ಎಂದು ಹೇಳಿಹೋಗಿದ್ದ. ಮಡಿಯಲ್ಲಿ ತಿಂಗಳು ದಾಟಿದ ಸಸಿಯನ್ನು ನೆಟ್ಟರೆ ಇಳುವರಿ ಕುಗ್ಗುತ್ತದೆ. ಬಾಡಿಗೆ ಟ್ರಾಕ್ಟರುಗಳೆಲ್ಲ ಬೇರೆಯವರ ಗದ್ದೆಯಲ್ಲಿದ್ದವು. ಇಬ್ಬರು ಮಕ್ಕಳೂ ದೂರದ ಊರುಗಳಲ್ಲಿದ್ದಾರೆ. "ಈ ಸಲ ಗದ್ದೀನ ಲಾವಣಿಗೆ ಕೊಟ್ಟುಬಿಡತೀನಪಾ" ಎಂದು ಮಾವ ಅಂದಾಗ ಅತ್ತೆ ಮುಖ ತಿರುಗಿಸಿಕೊಂಡರು.

ಕೊನೆಗೆ ಪಕ್ಕದ ಕ್ಯಾಂಪಿನಿಂದ ಒಬ್ಬ ಮುದುಕ ಮಿಸ್ತ್ರಿಯನ್ನು ಕರೆಸಿದರು. "ಬಿಚ್ಚೂದಕ್ಕಿಂತ ಮೊದಲ ನೋಡಬೇಕ್ರಿ ಗೌಡ್ರ, ಎಲ್ಲಿ ಸೋರಾಕ ಹತ್ತೈತಿ ಅಂತ" ಎಂದು ಆತ ಕೆಲಸಕ್ಕೆ ತೊಡಗಿದ.

ಈ ಲಿಫ್ಟಿನ ಮೂಲಪುರುಷ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. ಆತನ ಟಿ.ಇ. 20 ಎಂಬ ಪುಟ್ಟ ಟ್ರಾಕ್ಟರುಗಳು 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಐದು ಲಕ್ಷಕ್ಕೂ ಮಿಕ್ಕಿ ತಯಾರಾದವು. ಮಾವನದು ಅದೇ ಪದ್ಧತಿಯದು. ಇದರಲ್ಲಿ ಪಂಪು ಹೊರಗೆ ಕಾಣುವುದಿಲ್ಲ. ಹಿಂಭಾಗದ ಪೆಟ್ಟಿಗೆಯೊಳಗೆ, ಗೇರುಗಳಿಗೆ ಹಾಕಿದ ಆಯಿಲಿನಲ್ಲಿಯೇ ಮುಳುಗಿರುತ್ತದೆ. ಆದುದರಿಂದ ಸೋರಿದ ಆಯಿಲು ಆಯಿಲಿಗೇ ಸೇರುತ್ತದೆ. ನೆಲದ ಮೇಲೆ ಒಂದು ಹನಿಯೂ ಬೀಳುವುದಿಲ್ಲ!

ಮಿಸ್ತ್ರಿ ಮೊದಲು ಅಳತೆಯ ಕಡ್ಡಿಯನ್ನು ಎಳೆದು ನೋಡಿದ. ಆಯಿಲಿನ ಮಟ್ಟ ಸರಿಯಾಗಿತ್ತು, ಬಣ್ಣ ಮಾತ್ರ ಮಜ್ಜಿಗೆಯದು. ಆಕ್ಸಲ್ ಮುಳುಗುವ ಕೆಸರಿನಲ್ಲಿ ವರ್ಷವರ್ಷವೂ ದುಡಿದುದರಿಂದ, ಸವೆದ ಸೀಲುಗಳ ಸಂದಿನಲ್ಲಿ ಕಾಲುವೆಯ ನೀರು ಒಳಹೊಕ್ಕಿತ್ತು. ಅದನ್ನು ಇಳಿಸಿ, ಜಾಲರಿಯನ್ನು ತೊಳೆದು, ಹೊಸ ಆಯಿಲು ತುಂಬಿಸಿದ. ಆಮೇಲೆ ಕಲ್ಟಿವೇಟರನ್ನು ಎತ್ತಿಸಿ ಎಂಜಿನ್ನು ನಿಲ್ಲಿಸಿದ. ಅದು ಸರ್ರನೆ ಇಳಿದುಬಿಟ್ಟಿತು. ನಿಧಾನವಾಗಿ ಇಳಿದರೆ ಚಿಂತೆಯಿಲ್ಲವಂತೆ. ಹೀಗೆ ಬಿದ್ದರೆ ಒತ್ತಡವಿರುವ ದಾರಿಯಲ್ಲೇ ಎಲ್ಲೋ ಬಿರುಕಿದೆಯೆಂದು ಅರ್ಥ.

ಪಂಪು ಮುಳುಗಿರುವಷ್ಟು ಆಯಿಲನ್ನು ಉಳಿಸಿಕೊಂಡು, ಪಕ್ಕದ ಮುಚ್ಚಳವನ್ನು ತೆಗೆದು, ಎಂಜಿನ್ನನ್ನು ಮೆಲ್ಲಗೆ ಓಡಿಸಿ ಬ್ಯಾಟರಿಯ ಬೆಳಕು ಬಿಟ್ಟ. ನಾನು ಬಗ್ಗಿದಾಗ, "ದೂರ ನಿಂದರ್ರಿ ಸಾಹೇಬ್ರ, ಕೈ ಹಾಕಬ್ಯಾಡ್ರಿ" ಎಂದು ಗದರಿಸಿದ. ಅಲ್ಲಿನ ಒತ್ತಡ ಚದರ ಸೆಂಟಿಮೀಟರಿಗೆ 100 ಕಿಲೋಗ್ರಾಮಿಗೂ ಹೆಚ್ಚು. ಸೂಜಿಯಂತೆ ಚಿಮ್ಮುವ ಆಯಿಲು ಚರ್ಮವನ್ನೇ ಹೊಕ್ಕೀತು. ಎತ್ತಿದ ಸಲಕರಣೆಯ ಕೆಳಗಂತೂ ಯಾರೂ ನುಸುಳಕೂಡದು.

ಪಂಪಿನಿಂದ ಮೇಲಿನ ಸಿಲಿಂಡರಿಗೆ ಏರುವ ಕೊಳವೆಯ ಬುಡದಲ್ಲಿ ಆಯಿಲು ಕಾರಂಜಿಯಂತೆ ಹಾರುತ್ತಿತ್ತು. ಎಂಜಿನ್ನು ನಿಲ್ಲಿಸಿ, ಮೇಲಿನ ಸಣ್ಣ ಮುಚ್ಚಳವನ್ನು ಬಿಚ್ಚಿ ಕೊಳವೆಯನ್ನು ಎಳೆದಾಗ, ಚಪ್ಪಟೆಯಾಗಿ ಬಿರಿದಿದ್ದ ರಬ್ಬರಿನ ಓ-ರಿಂಗು ಕೈಗೆ ಬಂತು. ಪಂಪು ನೆಟ್ಟಗೇ ಇತ್ತು! ಸಂಜೆಯೊಳಗೆ ಹೊಸ ರಿಂಗು ಕೂಡಿಸಿದರು. ಮರುದಿನ ಬೆಳಗಿನಿಂದಲೇ ಮಾವ ಕೆಸರು ಹೊಡೆಯತೊಡಗಿದರು. ಲಾವಣಿಯ ಮಾತು ಮತ್ತೆ ಬರಲಿಲ್ಲ.

ಸೋರಿಕೆಯ ಭಯ ಆ ನಾಡಿಗೆ ಹೊಸದಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಅಡ್ಡಹಲಗೆಗಳನ್ನಿಳಿಸಿ ನೀರನ್ನು ತಡೆಯಲು ಸುಮಾರು ಒಂದು ವಾರ ಹಿಡಿಯಿತು. ಆ ದಿನಗಳಲ್ಲಿ ಮಾವ ಫೋನಿನಲ್ಲಿ ಬೇರೆ ಮಾತನ್ನೇ ಆಡುತ್ತಿರಲಿಲ್ಲ.

ನಮ್ಮ ಬಂಧುಗಳಲ್ಲಿ ಇಂಥ ಹಳೆಯ ಟ್ರಾಕ್ಟರುಗಳು ಇನ್ನೂ ಎಷ್ಟೋ ದುಡಿಯುತ್ತಿವೆ. ರಜೆಗೆ ಊರಿಗೆ ಹೋದವರು ಹಂಪಿ, ಆನೆಗೊಂದಿಗಳನ್ನು ಅಗತ್ಯವಾಗಿ ನೋಡಿಬರಲಿ. ಜೊತೆಗೆ ಹಿತ್ತಲಿನ ಟ್ರಾಕ್ಟರಿನ ಅಳತೆ ಕಡ್ಡಿಯನ್ನೂ ಒಮ್ಮೆ ಎಳೆದು ನೋಡಲಿ. ಆಯಿಲು ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ, ನೀರು ಬಿಡುವ ಮುನ್ನವೇ ಅದನ್ನು ಬದಲಾಯಿಸಿ ಬಂದರಾಯಿತು.