ನೆತ್ತರು ಬರೆದಿಟ್ಟ ಲೆಕ್ಕ

ಕಾಲರಾ ಎಷ್ಟು ಜನಕ್ಕೆ ತಗಲಿತು ಅಂತ ಕೇಳಿದರೆ ಎಲ್ಲರೂ ತೆಗೆಯುವುದು ಆಸ್ಪತ್ರೆಯ ರಿಜಿಸ್ಟರನ್ನು. ಅದರಲ್ಲಿರುವುದು ವಾಂತಿಭೇದಿಯಿಂದ ಬಸವಳಿದು ಬಂದವರ ಹೆಸರು ಮಾತ್ರ. ಅದೇ ನೀರು ಕುಡಿದು, ಎರಡು ಸಲ ಹೊಟ್ಟೆ ಕೆಟ್ಟು ಸುಮ್ಮನಾದವರು, ಏನೂ ಆಗದೆ ಓಡಾಡಿಕೊಂಡಿದ್ದವರು ಅಲ್ಲಿಲ್ಲ. ಅವರೇ ಹೆಚ್ಚು ನೋಡಿ. ಅವರ ಲೆಕ್ಕವಿರುವುದು ಅವರ ನೆತ್ತರಿನಲ್ಲಿ.

ಈ ಲೆಕ್ಕ ಓದುವುದನ್ನು ಚೆನ್ನಾಗಿ ಕಲಿಸಿದ್ದು ಬಾಂಗ್ಲಾದೇಶದ ಮತ್ಲಬ್. ಆ ದೇಶ ಇನ್ನೂ ಪೂರ್ವ ಪಾಕಿಸ್ತಾನವಾಗಿದ್ದಾಗ ಢಾಕಾದ ಕಾಲರಾ ಸಂಶೋಧನಾಲಯದವರು ಆ ಹೊಳೆನಾಡಿನಲ್ಲಿ ಲಸಿಕೆಯ ಪ್ರಯೋಗ ನಡೆಸುತ್ತಿದ್ದರು. ಕಾಲರಾ ಲಸಿಕೆ ಪಡೆಯದವರ ರಕ್ತವನ್ನೂ ತೆಗೆದುಕೊಂಡರು. ಆ ರಕ್ತದ ತಿಳಿಯನ್ನು, ಅಂದರೆ ಸೀರಂ ಅನ್ನು, ಹಂತಹಂತವಾಗಿ ಅರ್ಧಕ್ಕರ್ಧ ತೆಳುಮಾಡುತ್ತ, ಗಿನಿ ಹಂದಿಯ ರಕ್ತದ ಕಾಂಪ್ಲಿಮೆಂಟ್ (ಪ್ರತಿಕಾಯದ ಜೊತೆಗೂಡಿ ಬ್ಯಾಕ್ಟೀರಿಯಾ ಕೊಲ್ಲುವ ಪ್ರೋಟೀನುಗಳು) ಬೆರೆಸಿ, ಜೀವಂತ ಕಾಲರಾ ಬ್ಯಾಕ್ಟೀರಿಯಾ ಬಿಡುತ್ತಾರೆ. ಎಷ್ಟು ತೆಳುವಾಗುವ ತನಕ ಸೀರಂ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೋ ಅದೇ ಟೈಟರ್. 1968ರಲ್ಲಿ ಆ ಸಂಶೋಧನಾಲಯದ ಮೋಸ್ಲಿ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶ ಇವತ್ತಿಗೂ ಮನಸ್ಸು ಕಲಕುತ್ತದೆ. ವಯಸ್ಸಿನ ಜೊತೆ ಟೈಟರ್ ಏರುತ್ತದೆ, ಕಾಯಿಲೆ ಇಳಿಯುತ್ತದೆ. ಟೈಟರ್ ಇಮ್ಮಡಿಯಾದಾಗಲೆಲ್ಲ ರೋಗದ ಪ್ರಮಾಣ ಸುಮಾರು ಅರ್ಧವಾಗುತ್ತದೆ. ದೊಡ್ಡವರ ಆ ರಕ್ಷಣೆ ವರ್ಷವರ್ಷವೂ ಕೊಳಕು ನೀರು ಕುಡಿದು ಗಳಿಸಿದ್ದು. ಮಕ್ಕಳು ಇನ್ನೂ ಅದರ ಕಂತು ಕಟ್ಟುತ್ತಿದ್ದರು, ಕೆಲವರು ಜೀವದಿಂದಲೇ.

ಹಾಗಂತ ಇಷ್ಟು ಟೈಟರ್ ಇದ್ದರೆ ಭಯವಿಲ್ಲ ಎನ್ನುವ ಗೆರೆ ಯಾವುದೂ ಇಲ್ಲ. ಕಾಲರಾದ ಜೊತೆ ನಿಜವಾದ ಕಾದಾಟ ನಡೆಯುವುದು ಕರುಳಿನಲ್ಲಿ; ರಕ್ತದಲ್ಲಿ ಸಿಗುವುದು ಅದರ ಗುರುತು. ಆ ಗುರುತೂ ಸೋಂಕಾದ ಹತ್ತು ದಿನದ ಆಸುಪಾಸು ಏರಿ, ಮುಂದಿನ ತಿಂಗಳುಗಳಲ್ಲಿ ಇಳಿದುಹೋಗುತ್ತದೆ. ನನಗೆ ಇಷ್ಟವಾಗುವುದು ಆ ಇಳಿತವೇ. ಇಳಿಯುವ ವೇಗ ಗೊತ್ತಿದ್ದರೆ ಸೋಂಕು ಈಚಿನದೋ ಹಳೆಯದೋ ಅಂತ ಅಂದಾಜು ಮಾಡಬಹುದು. ಹೀಗೆ ಬಾಂಗ್ಲಾದೇಶದ 70 ಊರುಕೇರಿಗಳ 2,930 ಜನರ ರಕ್ತ ನೋಡಿ, ಒಂದೇ ವರ್ಷದಲ್ಲಿ ದೇಶದ ಸುಮಾರು ನೂರಕ್ಕೆ 17 ಮಂದಿಗೆ ಸೋಂಕು ತಗಲಿತ್ತು ಎಂದು ಸಂಶೋಧಕರು 2020ರಲ್ಲಿ ಹೇಳಿದರು. ಅಂದರೆ ಎರಡೂವರೆ ಕೋಟಿಗೂ ಮೇಲೆ!

ಲಸಿಕೆ ಹಾಕಿದ ಊರಲ್ಲಿ ಈ ಓದು ಕಷ್ಟ. ಬಾಯಿಯ ಮೂಲಕ ಕೊಡುವ ಲಸಿಕೆಯೂ ಅದೇ ಪ್ರತಿಕಾಯವನ್ನು ಏರಿಸುತ್ತದೆ. ಆದರೂ ನೆತ್ತರಿನ ಸಮೀಕ್ಷೆ ಬೇಕೇ ಬೇಕು. ಲಸಿಕೆ ಸಾಲದೆ 2022ರ ಅಕ್ಟೋಬರಿನಲ್ಲಿ, ಕಾಲರಾ ಹಬ್ಬಿದಲ್ಲಿ ಎರಡು ಡೋಸ್ ಬದಲು ಒಂದೇ ಕೊಡುವ ತೀರ್ಮಾನವಾಯಿತು. ಇಂಥ ಹೊತ್ತಿನಲ್ಲಿ ಬರೀ ರಿಜಿಸ್ಟರ್ ನೋಡಿ ಹಂಚಿದರೆ, ಆಸ್ಪತ್ರೆಯೇ ಇಲ್ಲದ ಊರಿಗೆ ಕಾಲರಾವೂ ಇಲ್ಲ ಎಂದಾಗಿಬಿಡುತ್ತದೆ. ಸಮೀಕ್ಷೆಯವರು ಮೊದಲು ಅಲ್ಲಿಗೇ ಹೋಗಲಿ.