ಹೊಳೆಯಿಲ್ಲದ ಸೀಮೆಯಲ್ಲಿ ಬೇಸಗೆ ರಜೆ

ಬೇಸಗೆಯ ರಜೆ ಬಂತೆಂದರೆ ಬೆಂಗಳೂರಿನ ನಮ್ಮ ನೆರೆಹೊರೆಯವರು ಊಟಿಗೋ ಮಡಿಕೇರಿಗೋ ಹೊರಡುತ್ತಾರೆ. ನಾವು ಹೊರಡುವುದು ಮೂಡಲಿಗೆ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಗೆ. “ಬಿಸಿಲಿಗೆ ಹೆದರಿ ಬಿಸಿಲಿಗೇ ಹೋಗುವಿರಲ್ಲ!” ಎಂದು ಪಕ್ಕದ ಮನೆಯಾಕೆ ನಗುವುದುಂಟು. ನನ್ನ ತವರು ಅಲ್ಲಿದೆ. ಅಣ್ಣನ ತೋಟ ಅಲ್ಲಿದೆ. ಮಾವು ಬಲಿಯುವುದೂ ಆ ಬಿಸಿಲಿನಲ್ಲಿಯೇ.

2025ರ ಮೇ ತಿಂಗಳಲ್ಲಿಯೂ ಹಾಗೆಯೇ ಹೊರಟೆವು. ನರಸಾಪುರದ ಕಾರ್ಖಾನೆಗಳನ್ನು ದಾಟಿ ಮುಂದೆ ಬಂದಾಗ ಬಂಡೆಗಳನ್ನು ಒಟ್ಟಿದಂತಿರುವ ಕೋಲಾರದ ಬೆಟ್ಟ ಕಾಣಿಸಿತು. ಆ ಬೆಟ್ಟದ ಮೇಲಣ ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ಬೇಸಗೆಯಲ್ಲಿಯೂ ನೀರು ಬೀಳುತ್ತದೆ. ಈ ಮಾತನ್ನು ಮಕ್ಕಳಿಗೆ ಹೇಳಿದರೆ ಅವರಿಗೆ ಅದೊಂದು ವಿಶೇಷವೆನ್ನಿಸಲಿಲ್ಲ. ಕೊಳಾಯಿ ತಿರುಗಿಸಿದರೆ ನೀರು ಬರುವ ಊರಿನವರು! ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆ ಇದೆಂಬುದು ಅವರಿಗೆ ತಿಳಿಯಲು ಇನ್ನೂ ಐದು ದಿನ ಹಿಡಿಯಿತು.

ನಾನು ಚಿಕ್ಕವಳಾಗಿದ್ದಾಗ ಬಂಗಾರಪೇಟೆಯಲ್ಲಿ ಇಳಿದು, ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಓಡುತ್ತಿದ್ದ ಪುಟ್ಟ ರೈಲು ಹತ್ತಿ ಶ್ರೀನಿವಾಸಪುರಕ್ಕೆ ಬರುತ್ತಿದ್ದೆವು. ಆ ರೈಲು ಹೋಯಿತು. 2013ರಲ್ಲಿ ಅದೇ ದಾರಿಯಲ್ಲಿ ದೊಡ್ಡ ಹಳಿಯ ರೈಲು ಓಡತೊಡಗಿತು. ಮಾವಿನ ತೋಪುಗಳು ಮಾತ್ರ ದಾರಿಯ ಎರಡು ಬದಿಗೂ ಮೊದಲಿನಂತೆಯೇ ದಟ್ಟವಾಗಿವೆ. ಬಾದಾಮಿ, ಬೇನಿಷಾ, ರಸಪುರಿ, ಮಲ್ಲಿಕಾ, ನೀಲಂ, ಎಲ್ಲವೂ ಉಂಟು. ಅಣ್ಣನ ತೋಟದಲ್ಲಿ ಹೆಚ್ಚಿನವು ತೋತಾಪುರಿಯ ಮರಗಳು. ತಿನ್ನುವವರ ಬಾಯಿಗೆ ಇದು ಬಾದಾಮಿಗೆ ಸಮನಲ್ಲ. ಆದರೆ ಗಡಿಯಾಚೆ, ಆಂಧ್ರದ ಚಿತ್ತೂರಿನ ಸುತ್ತ ಹಣ್ಣಿನ ತಿರುಳು ತೆಗೆಯುವ ಕಾರ್ಖಾನೆಗಳಿಗೆ ಬೇಕಾದದ್ದು ಇದೇ. ಗಿಣಿಯ ಕೊಕ್ಕಿನಂಥ ಈ ಕಾಯಿಯೇ ಅಣ್ಣನ ಸಂಸಾರವನ್ನು ನಡೆಸುತ್ತದೆ.

ಮನೆಯ ಮುಂದೆ ಕೊಟ್ಟಿಗೆ. ಅದರ ಹೆಂಚು ಮಾಲೂರಿನದು, ಅಪ್ಪ ಹಾಕಿಸಿದ್ದು. ಕೊಟ್ಟಿಗೆಯಲ್ಲಿ ಎರಡು ಸೀಮೆಹಸು, ಗೌರಿ ಎಂಬ ಒಂದು ಕರು, ಬಸವ ಮತ್ತು ಮಾರ ಎಂಬ ಹಳ್ಳಿಕಾರ್ ಎತ್ತಿನ ಜೋಡಿ. ಎತ್ತುಗಳನ್ನು ಅಣ್ಣ ಹನ್ನೊಂದು ವರ್ಷದ ಹಿಂದೆ ಮುಳಬಾಗಿಲು ತಾಲ್ಲೂಕಿನ ಆವಣಿಯ ದನಗಳ ಜಾತ್ರೆಯಲ್ಲಿ ಕೊಂಡು, ನಡೆಸಿಕೊಂಡೇ ಊರಿಗೆ ತಂದಿದ್ದ. ಈಗ ಉಳುಮೆಗೆ ಟ್ರ್ಯಾಕ್ಟರು ಬರುತ್ತದೆ. ಎತ್ತುಗಳು ನೆರಳಿನಲ್ಲಿ ಮಲಗಿ ರಾಗಿಹುಲ್ಲು ಮೆಲುಕು ಹಾಕುತ್ತಿರುತ್ತವೆ.

ಬಂದ ಮರುದಿನದಿಂದಲೇ ಮಕ್ಕಳಿಗೆ ನನ್ನ ನೆನಪು ಹೋಯಿತು. ಬೆಳಗಿನ ಆರು ಗಂಟೆಗೆ ಅತ್ತೆಯ ಹಿಂದೆ ಹಾಲಿನ ಡೈರಿಗೆ. ಅಲ್ಲಿಂದ ಬಂದು ರಾಗಿ ಅಂಬಲಿ ಕುಡಿದರೆ ತೋಪಿಗೆ. ಅಣ್ಣನ ಮಗ ದೋಟಿ ಹಿಡಿದು ಕಾಯಿ ಕೀಳುವುದನ್ನು ಕಲಿಸಿದ. ಉದುರಿದ ಕಾಯಿಗೆ ಉಪ್ಪು ಖಾರ ಹಚ್ಚಿ ತಿಂದು ಹಲ್ಲು ಚಳಿತುಹೋದವು. ಅಟ್ಟದ ಮೇಲೆ ಹುಲ್ಲಿನಲ್ಲಿ ಅಡೆ ಹಾಕಿದ್ದ ರಸಪುರಿಯನ್ನು ದಿನಕ್ಕೆ ಹತ್ತು ಸಲ ತೆಗೆದು ಮೂಸಿ ನೋಡಿ ನನ್ನ ಏಳು ವರ್ಷದ ಮಗಳು ಅತ್ತಿಗೆಯಿಂದ ಬೈಸಿಕೊಂಡಳು. ಗೌರಿಗೂ ಅವಳಿಗೂ ಎಷ್ಟು ಸ್ನೇಹವಾಯಿತೆಂದರೆ, ಅವಳ ಲಂಗದ ಅಂಚನ್ನು ಕರು ಅರ್ಧ ತಿಂದುಹಾಕಿದರೂ ಅವಳು ದೂರು ಹೇಳಲಿಲ್ಲ.

ಐದನೆಯ ದಿನ ಬೆಳಿಗ್ಗೆ ಕೊಳವೆಬಾವಿಯ ಮೋಟಾರು ನಾಲ್ಕು ಗುಟುಕು ಕೆಸರುನೀರು ಕಕ್ಕಿ ಬರಿಯ ಗಾಳಿಯನ್ನು ಉಗುಳತೊಡಗಿತು. ಅಣ್ಣ ಓಡಿಹೋಗಿ ಗುಂಡಿ ಒತ್ತಿ ನಿಲ್ಲಿಸಿ, ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತ. ಪಕ್ಕದಲ್ಲಿ ತಾತನ ಕಾಲದ ಕಲ್ಲುಕಟ್ಟಡದ ಬಾವಿ. ಕಪಿಲೆಯ ಎತ್ತುಗಳು ಹಿಂದೆ ಮುಂದೆ ನಡೆದು ಸವೆದ ಇಳಿಜಾರು ಇನ್ನೂ ಕಾಣುತ್ತದೆ. ಆ ಬಾವಿ ಬತ್ತಿ ಬಹುಕಾಲವಾಯಿತು. ಈ ಸೀಮೆಯಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿರುವುದು ಈಗ ಸಾಮಾನ್ಯ ಸಂಗತಿ.

2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಶುದ್ಧಿಮಾಡಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಅದು ಕುಡಿಯಲಲ್ಲ, ಇಂಗಿ ಅಂತರ್ಜಲವನ್ನು ಏರಿಸಲಿ ಎಂದು. ಶುದ್ಧಿ ಸಾಲದೆಂಬ ಆಕ್ಷೇಪವೂ ಬಲವಾಗಿದೆ. ದಾರಿಯಲ್ಲಿ ತುಂಬಿದ ಕೆರೆಗಳನ್ನು ಕಂಡು ನಾನು ಹಿಗ್ಗಿದ್ದೆ. ನಾವು ಪಟ್ಟಣದಲ್ಲಿ ಬಳಸಿ ಚೆಲ್ಲಿದ ನೀರಿಗೆ ಅಣ್ಣನ ಸೀಮೆ ಕಾದು ಕುಳಿತಿದೆಯೆಂಬುದು ಆಗ ಹೊಳೆದಿರಲಿಲ್ಲ. ಅಣ್ಣನ ಊರಿನ ಕೆರೆಗೆ ಅದೂ ಬಂದಿಲ್ಲ.

ಮಧ್ಯಾಹ್ನ ಟ್ಯಾಂಕರು ಬಂತು, ತೊಟ್ಟಿ ತುಂಬಿತು. ಅಣ್ಣ ಮಕ್ಕಳನ್ನೆಲ್ಲ ಕರೆದು, “ಇನ್ನು ಲೆಕ್ಕ ನಿಮ್ಮದು” ಎಂದು ಒಂದು ಬಕೆಟ್ಟು ಕೊಟ್ಟ. ಹಾಲು ಕೊಡುವ ಸೀಮೆಹಸು ಬೇಸಗೆಯಲ್ಲಿ ದಿನಕ್ಕೆ ಅರವತ್ತು ಎಪ್ಪತ್ತು ಲೀಟರು ಕುಡಿಯುತ್ತದೆ, ಎತ್ತಿಗೂ ಕಡಮೆಯೇನಿಲ್ಲ. ದನಗಳದ್ದಾದ ಮೇಲೆ ಮನೆಯವರದ್ದು. ಸ್ನಾನ ನಿಂಬೆಗಿಡದ ಬುಡದ ಚಪ್ಪಡಿಯ ಮೇಲೆ. ನನ್ನ ಹತ್ತು ವರ್ಷದ ಮಗ ಇದ್ದಿಲಿನಿಂದ ಗೋಡೆಯ ಮೇಲೆ ಗೀಟೆಳೆದು ಲೆಕ್ಕವಿಟ್ಟ. ಮೂರನೆಯ ದಿನ ಅವನಿಗೊಂದು ಸಂದೇಹ ಬಂತು.

“ಮಾವ, ಬಸವ ಕೆಲಸವನ್ನೇ ಮಾಡುವುದಿಲ್ಲವಲ್ಲ. ಅವನಿಗೇಕೆ ಇಷ್ಟು ನೀರು?”

“ನಾನು ಕೆಲಸ ಮಾಡದ ದಿನ ನಿಮ್ಮತ್ತೆ ನನಗೆ ಮುದ್ದೆ ಇಕ್ಕುವುದಿಲ್ಲವೇನೋ?” ಎಂದ ಅಣ್ಣ.

ಮಕ್ಕಳು ನಕ್ಕರು. ಆದರೆ ಆ ರಾತ್ರಿ ಜಗಲಿಯ ಮೇಲೆ ಅಣ್ಣ ನನ್ನೊಡನೆ ಅದನ್ನೇ ಎತ್ತಿದ. “ತೋತಾಪುರಿಗೆ ಬೆಲೆ ಬಂದರೆ ಹೊಸದಾಗಿ ಬೋರು ಕೊರೆಸುತ್ತೇನಮ್ಮ. ಇಲ್ಲವಾದರೆ ಎರಡು ಹಸುಗಳನ್ನಷ್ಟೇ ಉಳಿಸಿಕೊಳ್ಳಬೇಕು. ಎತ್ತಿಗೆ ಕುಡಿಸುವ ನೀರನ್ನೂ ಕೊಂಡು ತರುವುದೆಂದರೆ ಎಷ್ಟು ದಿನ ನಡೆದೀತು?” ಅತ್ತಿಗೆ ಮಾತಾಡದೆ ಎದ್ದು ಒಳಗೆ ಹೋದಳು.

ಮನಸ್ಸು ಹಗುರವಾಗಲೆಂದು ಒಂದು ದಿನ ಎಲ್ಲರೂ ಮುಳಬಾಗಿಲಿಗೆ ಹೋಗಿಬಂದೆವು. ಕುರುಡುಮಲೆಯ ದೊಡ್ಡ ಗಣಪತಿಯನ್ನು ನೋಡಿ, ಮುಳಬಾಗಿಲು ದೋಸೆ ತಿಂದು, ಡಿ.ವಿ.ಜಿ.ಯವರು 1887ರಲ್ಲಿ ಹುಟ್ಟಿದ ಊರು ಇದೆಂದು ಮಕ್ಕಳಿಗೆ ತಿಳಿಸಿದೆ. ಅವರ ಗಮನವೆಲ್ಲ ದೋಸೆಯ ಮೇಲಿತ್ತು. ಮನೆಗೆ ಮರಳಿದಾಗ ಗುಡುಗು ಸಿಡಿಲಿನೊಡನೆ ಕೃತ್ತಿಕೆ ಮಳೆ ಒಂದು ಗಳಿಗೆ ಹೊಡೆಯಿತು. ಮಕ್ಕಳು ಕುಣಿದರು. ಅಣ್ಣ ಮಾತ್ರ ಬ್ಯಾಟರಿ ಹಿಡಿದು ಗಾಳಿಗೆ ಉದುರಿದ ಕಾಯಿಗಳನ್ನು ನೋಡಹೋದ.

ಶಾಲೆ ತೆರೆಯುವ ಹೊತ್ತಿಗೆ ನಾವು ಬೆಂಗಳೂರಿಗೆ ಬಂದೆವು. ಜೂನ್ ಮೊದಲ ವಾರ ಕಳೆಯುವಷ್ಟರಲ್ಲಿ ಚಿತ್ತೂರಿನ ಜಿಲ್ಲಾಡಳಿತ ತನ್ನ ರೈತರ ಹಿತಕ್ಕೆಂದು ಹೊರರಾಜ್ಯದ ತೋತಾಪುರಿ ಒಳಗೆ ಬರಬಾರದೆಂದು ಆಜ್ಞೆ ಮಾಡಿತು. ಶ್ರೀನಿವಾಸಪುರದಲ್ಲಿ ಬೆಲೆ ಕುಸಿಯಿತು. ರೈತರು ಬಂದ್ ಮಾಡಿದರು. ಕೇಂದ್ರ ಸರ್ಕಾರ ಬೆಲೆಯ ವ್ಯತ್ಯಾಸವನ್ನು ತುಂಬಿಕೊಡಲು ಒಪ್ಪಿದ್ದು ಅನಂತರ. ಅಷ್ಟರಲ್ಲಿ ಅಣ್ಣ ಕೂಲಿಯೂ ಹುಟ್ಟದೆಂದು ಅರ್ಧ ತೋಪನ್ನು ಕೀಳಿಸದೆ ಬಿಟ್ಟಿದ್ದ.

ಒಂದು ಸಂಜೆ ಅವನು ಫೋನು ಮಾಡಿದಾಗ ಮಕ್ಕಳು ನನ್ನ ಕೈಯಿಂದ ಅದನ್ನು ಕಸಿದುಕೊಂಡರು. ಗೌರಿಗೆ ಕೋಡು ಮೂಡಿತೇ, ನಿಂಬೆಗಿಡ ಚಿಗುರಿತೇ, ಎಲ್ಲವನ್ನೂ ಕೇಳಿದರು. ಬಸವನಿಗೆ ದಿನಕ್ಕೆ ಎಷ್ಟು ಬಕೆಟ್ಟು ಹಾಕುತ್ತಿದ್ದೀರಿ ಎಂದು ಮಗ ಕೇಳಿದ. ಅತ್ತಣಿಂದ ಏನು ಉತ್ತರ ಬಂತೋ ಕಾಣೆ. ಅವನು ಫೋನನ್ನು ನನ್ನ ಕೈಗಿತ್ತು, “ಮಾವ ನಿನ್ನೊಡನೆ ಮಾತಾಡಬೇಕಂತೆ” ಎಂದ.

“ಗೋಡೆಯ ಮೇಲಿನ ಆ ಗೀಟುಗಳನ್ನು ಅಳಿಸಿಲ್ಲಮ್ಮ” ಎಂದ ಅಣ್ಣ. “ಮಿಕ್ಕದ್ದನ್ನು ಮಕ್ಕಳಿಗೆ ಈಗಲೇ ಹೇಳಬೇಡ.”