ಯಾರ ಕಡೆಯವರು?



ಶಿಫಾರಸು, ವಶೀಲಿ. ಈ ಎರಡು ಪದಗಳನ್ನು ಕನ್ನಡದಲ್ಲಿ ಎಲ್ಲರೂ ಬಳಸುತ್ತಾರೆ. ಆದರೆ ಎರಡೂ ನಮ್ಮ ಮನೆಮಾತಿನ ಕಡೆಯಿಂದ ಬಂದವು. ಪಾರಸಿಯ ಸಿಫಾರಿಶ್ ಕನ್ನಡದಲ್ಲಿ ಶಿಫಾರಸು ಆಯಿತು. ಅರಬ್ಬಿಯ ವಸೀಲಾ ಎಂದರೆ ಒಬ್ಬರನ್ನು ತಲುಪುವ ದಾರಿ ಅಥವಾ ಸಾಧನ. ಅದು ವಶೀಲಿ ಆಯಿತು. ಉರ್ದು ಮಾತನಾಡುವ ಮನೆಯಲ್ಲಿ ಬೆಳೆದ ನನಗೆ ಕನ್ನಡ ಪುಸ್ತಕದಲ್ಲಿ ಇಂಥ ಪದ ಕಂಡರೆ ದೂರದ ಊರಿನಲ್ಲಿ ನೆಂಟರು ಸಿಕ್ಕಷ್ಟು ಖುಷಿ. ರಸೀದಿ, ಜಮೀನು, ಕಾಯಿದೆ ಎಲ್ಲ ಹಾಗೆ ಬಂದ ನೆಂಟರೇ. ಆದರೆ ವಶೀಲಿ ಎಂಬ ನೆಂಟನನ್ನು ಮಾತ್ರ ಮನೆಯವನೆಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ.

ಈ ನೆಂಟನನ್ನು ನೋಡಬೇಕಾದರೆ ಬಹಳ ದೂರ ಹೋಗಬೇಕಾಗಿಲ್ಲ. ಕೊಳ್ಳೇಗಾಲದ ಕಡೆಯಿಂದ ಮಹದೇಶ್ವರ ಬೆಟ್ಟಕ್ಕೆ ಹೋಗುವವರು ನಮ್ಮ ಹನೂರನ್ನು ದಾಟಿಯೇ ಹೋಗಬೇಕು. ಅಮಾವಾಸ್ಯೆಯ ದಿನ ಅರ್ಧ ಗಂಟೆ ರಸ್ತೆ ಬದಿ ನಿಂತು ವಾಹನಗಳನ್ನು ಓದಿ ನೋಡಿ. ಹೌದು, ಓದಬಹುದು. ಪೊಲೀಸ್, ಪ್ರೆಸ್, ಅಡ್ವೊಕೇಟ್, ಕರ್ನಾಟಕ ಸರ್ಕಾರ, ಯಾವುದೋ ಸಂಘದ ತಾಲ್ಲೂಕು ಅಧ್ಯಕ್ಷರು. ಕೆಲವರು ಮಾಜಿ ಆದ ಮೇಲೂ ಬರಹ ಅಳಿಸಿರುವುದಿಲ್ಲ. ನಂಬರ್ ಪ್ಲೇಟಿನ ಮೇಲೆ ಹೆಸರು, ಹುದ್ದೆ, ಚಿಹ್ನೆ ಬರೆಸುವಂತಿಲ್ಲ ಎನ್ನುವುದು ಬರೆಸಿದವರಿಗೂ ಗೊತ್ತು. ಆ ಬರಹ ದಾರಿಹೋಕರಿಗಾಗಿ ಇರುವುದಲ್ಲ. ಮುಂದೆ ಎಲ್ಲೋ ತಪಾಸಣೆಗೆ ನಿಂತಿರುವ ಒಬ್ಬ ಪೊಲೀಸರು ಓದಲಿ ಎಂದು ಬರೆಸಿದ್ದು. ಸ್ಟಿಕ್ಕರ್ ಇಲ್ಲದವರು ಮೊಬೈಲ್ ತೆಗೆಯುತ್ತಾರೆ. 'ಸಾರ್, ಒಂದು ನಿಮಿಷ, ಅಣ್ಣ ಲೈನಲ್ಲಿದಾರೆ, ಮಾತಾಡಿ' ಎನ್ನುತ್ತಾರೆ.

ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ. ಅಬ್ಬಾ ಲಗೇಜ್ ಆಟೋ ಓಡಿಸುತ್ತಾರೆ. ಸಂತೆಯಿಂದ ಸಂತೆಗೆ ತರಕಾರಿ, ಪ್ಲಾಸ್ಟಿಕ್ ಸಾಮಾನು ಸಾಗಿಸುವುದು ಅವರ ಕೆಲಸ. ಕಳೆದ ವರ್ಷ ರಜೆಯಲ್ಲಿ ನಾನೂ ಜೊತೆಗೆ ಹೋಗಿದ್ದೆ. ಯಾವ ಊರು ಎಂದು ಬರೆಯುವುದಿಲ್ಲ. ಅಲ್ಲಿ ವಾಹನ ತಪಾಸಣೆ ನಡೆಯುತ್ತಿತ್ತು. ನಮ್ಮ ಗಾಡಿಯ ಇನ್ಶೂರೆನ್ಸ್ ಮುಗಿದು ಸುಮಾರು ಇಪ್ಪತ್ತು ದಿನ ಆಗಿತ್ತು. ಆ ತಿಂಗಳು ಅಕ್ಕನ ಮದುವೆಯ ಸಾಲದ ಕಂತು ಕಟ್ಟಿದ್ದರಿಂದ ಅಬ್ಬಾ 'ಮುಂದಿನ ವಾರ, ಮುಂದಿನ ವಾರ' ಎನ್ನುತ್ತಾ ಬಂದಿದ್ದರು. ಕಾಗದ ನೋಡಿದವರು 'ಇದು ಮುಗಿದಿದೆಯಲ್ರೀ' ಎಂದರು. ಅಬ್ಬಾ ತಲೆ ತಗ್ಗಿಸಿ ನಿಂತರು. ಅಷ್ಟರಲ್ಲಿ ಅಲ್ಲೇ ಇದ್ದ ಇನ್ನೊಬ್ಬರು ಅಬ್ಬಾರ ಮುಖ ನೋಡಿ ಗುರುತು ಹಿಡಿದರು. ಅಬ್ಬಾ ಸಾಮಾನು ಹಾಕುವ ಅಂಗಡಿಯ ಯಜಮಾನರ ಹೆಸರು ಹೇಳಿ, 'ಇವರು ಅವರ ಕಡೆಯವರು, ಬಿಡಿ' ಎಂದರು. ನಮ್ಮನ್ನು ಬಿಟ್ಟರು.

ನಮ್ಮ ಹಿಂದೆ ಒಬ್ಬ ವಯಸ್ಸಾದವರು ಹಳೇ ಟಿವಿಎಸ್ ಹಿಡಿದುಕೊಂಡು ನಿಂತಿದ್ದರು. ಹಿಂದುಗಡೆ ಎರಡು ಮೂಟೆ ರಾಗಿ ಕಟ್ಟಿದ್ದರು. ತಲೆಗೆ ಟವೆಲ್ ಸುತ್ತಿದ್ದರು, ಹೆಲ್ಮೆಟ್ ಇರಲಿಲ್ಲ. 'ಯಾರ ಕಡೆಯವರು?' ಎಂದು ಅವರನ್ನು ಯಾರೂ ಕೇಳಲಿಲ್ಲ. ನಮ್ಮ ರಾಜ್ಯದಲ್ಲಿ ಹೆಲ್ಮೆಟ್ ಇಲ್ಲದಿದ್ದರೆ 500 ರೂಪಾಯಿ ದಂಡ. ಅವರು ಅಂಗಿಯ ಒಳಜೇಬಿನಿಂದ ಮಡಿಸಿದ ನೋಟುಗಳನ್ನು ತೆಗೆದು ಎರಡೆರಡು ಸಲ ಎಣಿಸಿ ಕೊಟ್ಟರು. ಕಾನೂನಿನ ಪ್ರಕಾರ ಅವರು ಕಟ್ಟಿದ್ದು ಸರಿಯೇ. ನಮ್ಮದು ಅವರದಕ್ಕಿಂತ ದೊಡ್ಡ ತಪ್ಪು. ಆದರೂ ಜೇಬು ಖಾಲಿಯಾಗಿದ್ದು ಅವರದು.

ದಾರಿಯಲ್ಲಿ ಅಬ್ಬಾ ಸಮಾಧಾನದಿಂದ, 'ನೋಡು, ನಾಲ್ಕು ಜನರ ಹತ್ತಿರ ಚೆನ್ನಾಗಿರಬೇಕು ಅನ್ನೋದು ಇದಕ್ಕೇ' ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಅಬ್ಬಾ ಯಾರಿಗೂ ಮೋಸ ಮಾಡಿದವರಲ್ಲ. ಉತ್ತರ ಕೊಟ್ಟಿದ್ದು ರಾತ್ರಿ ಅಮ್ಮಿ. ಎಲ್ಲವನ್ನೂ ಕೇಳಿದ ಮೇಲೆ ಅವರು ಹೇಳಿದ್ದು ಇಷ್ಟೇ: 'ಪೊಲೀಸರಿಗೆ ಅಂಗಡಿಯವರ ಹೆಸರು ಹೇಳಿದ್ರಿ, ಬಿಟ್ಟರು. ನಾಳೆ ಬ್ರೇಕ್ ಹಿಡೀಲಿಲ್ಲ ಅಂದ್ರೆ ಬ್ರೇಕಿಗೆ ಯಾರ ಹೆಸರು ಹೇಳ್ತೀರಿ?' ಮರುದಿನವೇ ಅಮ್ಮಿ ಕೂಡಿಟ್ಟಿದ್ದ ಹಣದಲ್ಲಿ ಇನ್ಶೂರೆನ್ಸ್ ಕಟ್ಟಿದೆವು.

ಇದನ್ನು ಬರೆಯುವ ಮೊದಲು ಅಬ್ಬಾರ ಒಪ್ಪಿಗೆ ಕೇಳಿದೆ. 'ಬರೆ, ಅಂಗಡಿಯವರ ಹೆಸರು ಹಾಕಬೇಡ' ಎಂದರು.

ವಾಣಿಜ್ಯ ವಿಭಾಗದವರಿಗೆ ಅಮ್ಮಿಯ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ ಮಾಡಿರುವುದು ಪೊಲೀಸರಿಗೆ ತೋರಿಸಲೆಂದಲ್ಲ. ನಮ್ಮ ಗಾಡಿಯಿಂದ ಇನ್ನೊಬ್ಬರಿಗೆ ಪೆಟ್ಟಾದರೆ ಅವರಿಗೆ ಪರಿಹಾರ ಸಿಗಲಿ ಎಂದು. ವಿಮೆ ಇಲ್ಲದಿದ್ದರೆ ಆ ಪರಿಹಾರದ ಹೊರೆ ಮಾಲೀಕರ ಮೇಲೆ ಬೀಳುತ್ತದೆ. ಗಾಡಿ ಮಾರಿದರೂ ತೀರದ ಮೊತ್ತ ಅದು. ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರಬೇಕು ಎಂದು ಮೊದಲ ಪಾಠದಲ್ಲೇ ಕಲಿತಿದ್ದೇವೆ. ರಸ್ತೆಯಲ್ಲಿ ಒಬ್ಬರಿಗೆ ಮಾಫಿ ಆದದ್ದು ಯಾವುದಾದರೂ ಲೆಕ್ಕದಲ್ಲಿ ಬರಲೇಬೇಕು. ಆ ದಿನ ಅದು ಯಾರ ಖಾತೆಗೂ ಬರಲಿಲ್ಲ ಅಂದುಕೊಂಡಿದ್ದೆವು. ಅಮ್ಮಿ ಖಾತೆ ತೆರೆದು ತೋರಿಸಿದರು: ನಮ್ಮ ಗಾಡಿಯ ಮುಂದೆ ರಸ್ತೆ ದಾಟುವ, ನಮಗೆ ಗುರುತೇ ಇಲ್ಲದ ಯಾರೋ ಒಬ್ಬರ ಹೆಸರಿನಲ್ಲಿ.

ಇದು ನಮ್ಮ ದೇಶದ ರೋಗ ಮಾತ್ರ ಎಂದು ನಾನು ತಿಳಿದಿದ್ದೆ. ಆದರೆ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ವಶೀಲಿಗೆ ಕಾರ್ಡನ್ನೇ ಅಚ್ಚು ಹಾಕಿಸುತ್ತಾರೆ! ಅಲ್ಲಿ ಪೊಲೀಸರ ಸಂಘಗಳು ತಮ್ಮ ಸದಸ್ಯರಿಗೆ ಎಟಿಎಂ ಕಾರ್ಡಿನಂಥ ಪ್ಲಾಸ್ಟಿಕ್ ಕಾರ್ಡುಗಳನ್ನು ಕೊಡುತ್ತವೆ. ಅವರು ಅದನ್ನು ಮನೆಯವರಿಗೆ, ಸ್ನೇಹಿತರಿಗೆ ಹಂಚುತ್ತಾರೆ. ಅದಕ್ಕೆ 'ಸೌಜನ್ಯ ಕಾರ್ಡ್' ಎಂಬ ಒಳ್ಳೆಯ ಹೆಸರು. ವೇಗದ ಮಿತಿ ಮೀರಿ ಸಿಕ್ಕಿಬಿದ್ದವರು ಕಾರ್ಡ್ ತೋರಿಸಿದರೆ ಎಚ್ಚರಿಕೆ ಕೊಟ್ಟು ಬಿಡುವುದು ಅಲ್ಲಿನ ರೂಢಿ. ಇಂಥ ಕಾರ್ಡುಗಳು ಆನ್‌ಲೈನ್‌ನಲ್ಲಿ ಮಾರಾಟಕ್ಕೂ ಬಂದಿವೆ. ಇಲ್ಲಿ 'ಅಣ್ಣ ಲೈನಲ್ಲಿದಾರೆ', ಅಲ್ಲಿ ಕಾರ್ಡ್. ಅಷ್ಟೇ ವ್ಯತ್ಯಾಸ.

ಆ ನಗರದ ಸಂಚಾರ ಪೊಲೀಸ್ ಅಧಿಕಾರಿ ಮ್ಯಾಥ್ಯೂ ಬಿಯಾಂಕಿ ಕಾರ್ಡ್ ನೋಡಿಯೂ ದಂಡ ಹಾಕುತ್ತಿದ್ದರು. ಅದಕ್ಕಾಗಿ ಮೇಲಿನವರಿಂದ ಬೈಸಿಕೊಂಡೆ, ಕೊನೆಗೆ ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರ ಸ್ನೇಹಿತರಿಗೆ ದಂಡ ಹಾಕಿದ ಮೇಲೆ ನನ್ನನ್ನು ಸಂಚಾರ ವಿಭಾಗದಿಂದ ತೆಗೆದು ರಾತ್ರಿ ಪಾಳಿಗೆ ಹಾಕಿದರು ಎಂದು 2023ರಲ್ಲಿ ಅವರು ನ್ಯಾಯಾಲಯಕ್ಕೆ ಹೋದರು. 2024ರಲ್ಲಿ ನಗರ ಆಡಳಿತ ಅವರಿಗೆ 1,75,000 ಡಾಲರ್ ಕೊಟ್ಟು ಮೊಕದ್ದಮೆಯನ್ನು ರಾಜಿಯಲ್ಲಿ ಮುಗಿಸಿತು. ಆದರೂ ಕಾರ್ಡುಗಳು ನಿಂತಿಲ್ಲ.

ಇದನ್ನು ಓದಿದ ಮೇಲೆ ನನಗೆ ನಮ್ಮ ಕಡೆಯ ಪೇದೆಗಳ ನೆನಪಾಯಿತು. ನಾವು ಸುಲಭವಾಗಿ ಪೊಲೀಸರನ್ನು ಬೈಯುತ್ತೇವೆ. ಬಿಸಿಲಿನಲ್ಲಿ ನಿಂತಿರುವ ಒಬ್ಬ ಪೇದೆಯ ಕೈಗೆ ಮೊಬೈಲ್ ಕೊಟ್ಟು, ಆ ಕಡೆಯಿಂದ ದೊಡ್ಡವರೊಬ್ಬರು 'ನಮ್ಮ ಹುಡುಗ, ಬಿಡ್ರೀ' ಎಂದರೆ ಅವರು ಏನು ಮಾಡಬೇಕು? ಇಲ್ಲ ಎಂದರೆ ಎತ್ತಂಗಡಿಯ ಭಯ. ಹೂಂ ಎಂದರೆ ಹಿಂದೆ ಸಾಲಿನಲ್ಲಿ ನಿಂತವರ ಕಣ್ಣಿನಲ್ಲಿ ಮರ್ಯಾದೆ ಹೋಗುತ್ತದೆ. ಫೋನ್ ಮಾಡಿಸುವವರು ದಂಡವನ್ನಷ್ಟೇ ತಪ್ಪಿಸಿಕೊಳ್ಳುವುದಿಲ್ಲ, ಒಬ್ಬ ನೌಕರನ ನೆಮ್ಮದಿಯನ್ನೂ ಕಸಿದುಕೊಳ್ಳುತ್ತಾರೆ.

ಕಾನೂನು ಏನು ಹೇಳುತ್ತದೆ ಎಂದು ಹುಡುಕಿದಾಗ ನನಗೆ ಆಶ್ಚರ್ಯವಾಯಿತು. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಿದ್ದುಪಡಿ ತಂದಾಗ 210ಬಿ ಎಂಬ ಕಲಮು ಸೇರಿಸಿದರು. ಈ ಕಾಯಿದೆಯನ್ನು ಜಾರಿ ಮಾಡುವ ಅಧಿಕಾರ ಇರುವವರೇ ತಪ್ಪು ಮಾಡಿದರೆ ಆ ತಪ್ಪಿಗೆ ಇರುವ ದಂಡದ ಎರಡರಷ್ಟು ಕಟ್ಟಬೇಕು ಎನ್ನುತ್ತದೆ ಅದು. ಅಂದರೆ ಹೆಲ್ಮೆಟ್ ಇಲ್ಲದ ರೈತರಿಗೆ 500 ಆದರೆ, ಹೆಲ್ಮೆಟ್ ಇಲ್ಲದ ಪೊಲೀಸರಿಗೆ 1,000. ನಾವು ರಸ್ತೆಯಲ್ಲಿ ನೋಡುವುದು ಇದರ ತಿರುವುಮುರುವು. ಗಾಡಿಯ ಮೇಲೆ 'ಪೊಲೀಸ್' ಎಂದು ಬರೆಸಿದವರ ದಂಡ ಸೊನ್ನೆಯಾಗುತ್ತದೆ. ಈ ಕಲಮನ್ನು ಓದಿಕೊಂಡವರು ಆ ಸ್ಟಿಕ್ಕರ್ ಅಂಟಿಸಲು ಹೆದರಬೇಕಿತ್ತು.

ಹಾಗೆಂದು ಏನೂ ಬದಲಾಗಿಲ್ಲ ಎನ್ನುವಂತೆಯೂ ಇಲ್ಲ. ದೊಡ್ಡವರ ಕಾರಿನ ಮೇಲೆ ತಿರುಗುತ್ತಿದ್ದ ಕೆಂಪು ದೀಪ 2017ರ ಮೇ 1ರಿಂದ ದೇಶದಲ್ಲೆಲ್ಲ ಹೋಯಿತು. ಈಗ ಬೆಂಗಳೂರಿನಲ್ಲೂ ಮೈಸೂರು ಹೆದ್ದಾರಿಯಲ್ಲೂ ಕ್ಯಾಮೆರಾಗಳಿವೆ. ಕ್ಯಾಮೆರಾಗೆ ಯಾರೂ ಫೋನ್ ಮಾಡಿಸಲಾಗುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆಗಳಲ್ಲಿ ಬಂದ ಸುದ್ದಿ ನಿಮಗೆ ನೆನಪಿರಬಹುದು. ಮುಖ್ಯಮಂತ್ರಿ ಸಿದ್ದರಾಮಯ್ಯನವರ ಸರ್ಕಾರಿ ಕಾರಿನ ಮೇಲೆ ಏಳು ಪ್ರಕರಣಗಳಿದ್ದವು, ಹೆಚ್ಚಿನವು ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕದ್ದಕ್ಕೆ. 2,500 ರೂಪಾಯಿ ದಂಡ ಕಟ್ಟಿದರು. ಅದು ಆಗ ಎಲ್ಲರಿಗೂ ಕೊಟ್ಟಿದ್ದ ಅರ್ಧದಷ್ಟು ರಿಯಾಯಿತಿಯಲ್ಲಿ. ಈ ಕೊನೆಯ ಮಾತು ನನಗೆ ಇಷ್ಟವಾಯಿತು. ರಿಯಾಯಿತಿಯೂ ಅರಬ್ಬಿಯಿಂದ ಬಂದ ನೆಂಟನೇ. ಅದನ್ನು ಎಲ್ಲರಿಗೂ ಕೊಟ್ಟರೆ ಯಾರಿಗೂ ಬೇಸರವಿಲ್ಲ. ಮುಖ್ಯಮಂತ್ರಿಗಳಿಗೂ ರಾಗಿ ಮೂಟೆಯವರಿಗೂ ಒಂದೇ ರಿಯಾಯಿತಿ ಎಂದರೆ ಅದು ವಶೀಲಿ ಹೇಗಾಗುತ್ತದೆ?

ಆದರೆ ನಮ್ಮ ಊರಿನ ರಸ್ತೆಗಳಲ್ಲಿ ಇವತ್ತಿಗೂ ಕ್ಯಾಮೆರಾಗಿಂತ ಮನುಷ್ಯರೇ ಹೆಚ್ಚು. ಮನುಷ್ಯರೇ ಇರಲಿ ಎಂಬುದು ನನ್ನ ಆಸೆ ಕೂಡ. ಏಕೆಂದರೆ ಕರುಣೆ ಕ್ಯಾಮೆರಾಗೆ ಗೊತ್ತಿಲ್ಲ. ಹೆರಿಗೆ ನೋವಿನವರನ್ನು ಕರೆದುಕೊಂಡು ಆಸ್ಪತ್ರೆಗೆ ಓಡುತ್ತಿರುವ ಗಾಡಿಯನ್ನು ಕಾಗದ ಕೇಳದೆ ಬಿಡುವ ಪೊಲೀಸರು ಒಳ್ಳೆಯವರು. ಇದನ್ನೇ ಹಿಡಿದು ನನ್ನ ಸ್ನೇಹಿತನೊಬ್ಬ, 'ಹಾಗಾದರೆ ನಿಮ್ಮಪ್ಪನನ್ನು ಬಿಟ್ಟಿದ್ದೂ ಕರುಣೆಯೇ ಅಲ್ಲವಾ?' ಎಂದು ಕೇಳಿದ. ಬಹಳ ದಿನ ಯೋಚಿಸಿದೆ. ಕರುಣೆ ಇರುವವರು 'ಏನಾಯಿತು?' ಎಂದು ಕೇಳುತ್ತಾರೆ. ವಶೀಲಿಯವರು 'ಯಾರ ಕಡೆಯವರು?' ಎಂದು ಕೇಳುತ್ತಾರೆ. ಆ ದಿನ ಏನಾಯಿತು ಎಂದು ಕೇಳಿದ್ದರೆ ಅಬ್ಬಾ ಸಾಲದ ಕಂತಿನ ಕಥೆ ಹೇಳುತ್ತಿದ್ದರು, ಹಿಂದೆ ನಿಂತವರೂ ತಮ್ಮ ಕಥೆ ಹೇಳುತ್ತಿದ್ದರು. ಇಬ್ಬರಿಗೂ ಬುದ್ಧಿ ಹೇಳಿ ಕಳಿಸಬಹುದಿತ್ತು, ಇಬ್ಬರಿಗೂ ದಂಡ ಹಾಕಬಹುದಿತ್ತು. ಎರಡೂ ನ್ಯಾಯವೇ.

ದೀನಿಯಾತ್ ತರಗತಿಯಲ್ಲಿ ನಾವು ಕೇಳಿದ ಒಂದು ಹದೀಸ್ ಇದಕ್ಕೆ ಸರಿಯಾಗಿ ಹೊಂದುತ್ತದೆ. ಸಹೀಹ್ ಬುಖಾರಿಯಲ್ಲಿ ಇರುವ ಪ್ರಸಂಗ. ಮಖ್ಝೂಮ್ ಎಂಬ ದೊಡ್ಡ ಮನೆತನದ ಹೆಂಗಸೊಬ್ಬಳು ಕಳ್ಳತನ ಮಾಡಿದಳು. ಮನೆತನದ ಮಾನ ಹೋಗುತ್ತದೆಂದು ಹೆದರಿದ ಜನ ಪ್ರವಾದಿಯವರಿಗೆ ಬಹಳ ಪ್ರಿಯರಾಗಿದ್ದ ಉಸಾಮಾ ಅವರನ್ನು ಹುಡುಕಿ ಶಿಫಾರಸಿಗೆ ಕಳಿಸಿದರು. ಪ್ರವಾದಿಯವರು ಬೇಸರಗೊಂಡರು. ದೊಡ್ಡವರ ತಪ್ಪನ್ನು ಬಿಟ್ಟು ಬಡವರ ತಪ್ಪಿಗೆ ಮಾತ್ರ ಶಿಕ್ಷೆ ಕೊಟ್ಟಿದ್ದರಿಂದಲೇ ಹಿಂದಿನವರು ಹಾಳಾದರೆಂದೂ, ತಮ್ಮ ಮಗಳು ಫಾತಿಮಾ ಆ ತಪ್ಪು ಮಾಡಿದ್ದರೂ ಕಾನೂನು ಬೇರೆ ಆಗುತ್ತಿರಲಿಲ್ಲವೆಂದೂ ಎಲ್ಲರ ಎದುರು ಹೇಳಿದರು. ಅಂದು ಉಸಾಮಾ ಅವರ ಕೈಯಲ್ಲಿ ಮೊಬೈಲ್ ಇರಲಿಲ್ಲ, ಪ್ಲಾಸ್ಟಿಕ್ ಕಾರ್ಡ್ ಇರಲಿಲ್ಲ. ಮಿಕ್ಕಿದ್ದೆಲ್ಲ ಇವತ್ತಿನ ಹಾಗೆಯೇ ಇತ್ತು.

ಸ್ನೇಹಿತರೇ, ನಮ್ಮಲ್ಲಿ ಬಹಳ ಜನರಿಗೆ ಇನ್ನೂ ಹದಿನೇಳು. ಬೈಕ್ ಕೀ ಕೈಗೆ ಬರುವ ವಯಸ್ಸು, ಲೈಸೆನ್ಸ್ ಬರದ ವಯಸ್ಸು. ಹದಿನೆಂಟು ತುಂಬದವರು ಗಾಡಿ ಓಡಿಸಿ ಸಿಕ್ಕಿಬಿದ್ದರೆ 199ಎ ಕಲಮಿನ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಆಗಬಹುದು. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ. ಓಡಿಸಿದವರಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. 'ಏನೂ ಆಗಲ್ಲ, ನಮ್ಮ ಮಾಮು ಸ್ಟೇಷನ್‌ನಲ್ಲಿ ಎಲ್ಲರಿಗೂ ಗೊತ್ತು' ಎನ್ನುವವರು ಪ್ರತಿ ತರಗತಿಯಲ್ಲೂ ಇದ್ದಾರೆ. ಮಾಮು ಬಿಡಿಸಬಹುದು. ಆದರೆ ಮಾಮು ಇಲ್ಲದ ಹುಡುಗ ಅದೇ ಬೆಂಚಿನಲ್ಲಿ ಪಕ್ಕದಲ್ಲೇ ಕೂತಿದ್ದಾನೆ.

ಇನ್ನು ಕೆಲವೇ ತಿಂಗಳಲ್ಲಿ ನಾವು ಎಲ್‌ಎಲ್ ಮಾಡಿಸುತ್ತೇವೆ, ಗಾಡಿ ಹಿಡಿಯುತ್ತೇವೆ, ಎಲ್ಲಾದರೂ ಒಂದು ಕಡೆ ನಮ್ಮನ್ನೂ ನಿಲ್ಲಿಸುತ್ತಾರೆ. ಆಗ ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಚೀಟಿ, ಲೈಸೆನ್ಸ್ ಎಲ್ಲ ಸರಿಯಾಗಿದ್ದರೆ ಮೊಬೈಲ್ ಹೊರತೆಗೆಯುವುದು ಡಿಜಿಲಾಕರ್ ತೋರಿಸಲು ಮಾತ್ರ. ಏನಾದರೂ ಕಡಿಮೆ ಇದ್ದರೆ ದಂಡ ಕಟ್ಟಿ ರಸೀದಿ ಕೇಳಿ ಪಡೆಯೋಣ. ಆ ರಸೀದಿ ಎಂಬ ನೆಂಟನನ್ನು ಧೈರ್ಯವಾಗಿ ಮನೆಗೆ ಕರೆತರಬಹುದು.

ಅಷ್ಟಾದರೂ ಯಾರಾದರೂ 'ಯಾರ ಕಡೆಯವರು?' ಎಂದು ಕೇಳಿದರೆ ಉತ್ತರ ಸುಲಭ: 'ಹನೂರು ಕಡೆಯವರು, ಸಾರ್.'

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ